ಮಿರರ್‌ನ ಒಂದು ಡಿಸ್ಕ್ ಹೋಗಿದೆ, ಸೋಮವಾರ ಮಾರುಕಟ್ಟೆ ಇದೆ. ಬದಲಿಸೋದು ಹೇಗೆ?

ಬ್ಯಾಡಗಿ_ದಿವಾನಜಿ · ಶುಕ್ರವಾರ, ಸಂಜೆ 7:10

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಅಂಗಡಿ ಹಿಂದಿನ ಕೋಣೆಯಲ್ಲಿ ಒಂದು ಸಣ್ಣ ಸರ್ವರ್ ಇದೆ. ಡೆಬಿಯನ್ ಲಿನಕ್ಸ್, ಎರಡು 2 ಟಿಬಿ ಸಾಟಾ ಡಿಸ್ಕ್, ರೇಡ್ 1, ಅಂದರೆ ಮಿರರ್: ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ. ರೇಡ್ ಕಾರ್ಡ್ ಏನೂ ಇಲ್ಲ, ಲಿನಕ್ಸ್‌ನದೇ ಎಂಡಿ ರೇಡ್. ರೈತರ ಪಟ್ಟಿ, ಖರೀದಿದಾರರ ಉದ್ರಿ, ಹಮಾಲಿ ಲೆಕ್ಕ ಎಲ್ಲಾ ಅದರಲ್ಲೇ ಇದೆ.

ನಿನ್ನೆ ಗುರುವಾರ, ಮಾರುಕಟ್ಟೆ ದಿನ. ಪಟ್ಟಿ ತೆಗೆಯುವಾಗ ಸಿಸ್ಟಮ್ ನಿಂತು ನಿಂತು ಹೋಗುತ್ತಿತ್ತು. ರೈತರು ಸಾಲು ಹಚ್ಚಿ ನಿಂತಿದ್ದರು, ಮಾಲಕರು ನನ್ನ ಮುಖ ನೋಡುತ್ತಿದ್ದರು. ಇವತ್ತು ರೇಡ್ ಸ್ಥಿತಿ ತೋರಿಸುವ ಎಂಡಿಸ್ಟಾಟ್ ತೆಗೆದು ನೋಡಿದೆ. ಎರಡು ಯು (ಡಿಸ್ಕ್ ಸರಿ ಇದೆ ಅನ್ನೋ ಗುರುತು) ಇರಬೇಕಾದ ಜಾಗದಲ್ಲಿ ಒಂದೇ ಯು, ಪಕ್ಕದಲ್ಲಿ ಅಡಿಗೆರೆ. ಎಸ್‌ಡಿಬಿ ಮುಂದೆ ಎಫ್, ಅಂದರೆ ಫೇಲ್ ಅಂತ ಬಂದಿದೆ.

ಹೊಸ ಡಿಸ್ಕ್ ತರಲು ನಾಳೆ ಹುಬ್ಬಳ್ಳಿಗೆ ಹೋಗಬೇಕು. ಅದಕ್ಕೂ ಮೊದಲು ಏನು ಮಾಡಬೇಕು? ಎರಡೂ ಡಿಸ್ಕ್ ನೋಡಲು ಒಂದೇ ಥರ ಇವೆ, ಯಾವುದು ಸತ್ತದ್ದು ಅಂತ ಹೇಗೆ ಗೊತ್ತಾಗುತ್ತದೆ? ಇನ್ನೊಂದು ಭಯ ಏನಂದ್ರೆ, ಹೊಸ ಖಾಲಿ ಡಿಸ್ಕ್ ಹಾಕಿದಾಗ ಆ ಖಾಲಿಯೇ ಈ ಕಡೆಗೆ ಕಾಪಿ ಆಗಿಬಿಟ್ಟರೆ?

ಉಣಕಲ್_ಕೆರೆ · ಶುಕ್ರವಾರ, ಸಂಜೆ 7:45

ದಿವಾನಜಿಯವರೇ, ಮೊದಲು ಒಂದು ಮಾತು. ಮಷಿನ್ ರೀಸ್ಟಾರ್ಟ್ ಮಾಡಬೇಡಿ. ಡಿಸ್ಕ್ ಎಳೆಯಬೇಡಿ. ಈಗ ಓಡುತ್ತಿದೆಯಲ್ವಾ, ಓಡಲಿ.

ಸತ್ತ ಡಿಸ್ಕಿನ ಚಿಂತೆ ಬಿಡಿ. ನಿಮ್ಮ ಅಂಗಡಿಯ ಲೆಕ್ಕವೆಲ್ಲ ಈಗ ಉಳಿದ ಒಂದೇ ಡಿಸ್ಕಿನ ಮೇಲೆ ನಿಂತಿದೆ. ಹೊಸ ಡಿಸ್ಕಿಗೆ ಎಲ್ಲಾ ತುಂಬಿಸುವ ರಿಬಿಲ್ಡ್ ಅಂದರೆ ಈ ಉಳಿದ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಬಿಡದೆ ಓದಿಸೋದು. ಎಷ್ಟೋ ವರ್ಷದಿಂದ ಯಾರೂ ಮುಟ್ಟದ ಮೂಲೆಯನ್ನೂ ಓದಿಸುತ್ತದೆ. ಎರಡೂ ಡಿಸ್ಕ್ ಒಂದೇ ದಿನ ಕೊಂಡದ್ದಾಗಿದ್ದರೆ ಇದಕ್ಕೂ ಅಷ್ಟೇ ವಯಸ್ಸು, ಇದೂ ಅಷ್ಟೇ ಬಿಸಿಯಲ್ಲಿ ದುಡಿದಿದೆ. ಹಾಗಾಗಿ ಹುಬ್ಬಳ್ಳಿ ಬಸ್ಸು ಹತ್ತುವ ಮುಂಚೆ ಇವತ್ತೇ ಒಂದು ಯುಎಸ್‌ಬಿ ಡಿಸ್ಕಿಗೆ ಎಲ್ಲಾ ಡೇಟಾ ಕಾಪಿ ಮಾಡಿ. ಆರ್‌ಸಿಂಕ್ ಅನ್ನೋ ಕಾಪಿ ಪ್ರೋಗ್ರಾಂ ಬಳಸಿ. ಯಾವ ಫೈಲು ಓದಲಾಗಲಿಲ್ಲ ಅಂತ ಅದು ಹೇಳುತ್ತದೆ. ಆ ಸಾಲುಗಳನ್ನು ಬರೆದಿಟ್ಟುಕೊಳ್ಳಿ.

ಕಾಪಿ ಮುಗಿದ ಮೇಲೆ ಸ್ಮಾರ್ಟ್‌ಸಿಟಿಎಲ್‌ನಿಂದ ಎರಡೂ ಡಿಸ್ಕಿನ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) ತೆಗೆದು 5, 197, 198, 199 ನಂಬರಿನ ಸಾಲುಗಳನ್ನು ಇಲ್ಲಿ ಹಾಕಿ. ಕೊನೆಯ ಕಾಲಮ್ಮಿನ ಅಂಕಿ ಬೇಕು. 5 ಅಂದರೆ ಕೆಟ್ಟು ಬೇರೆ ಕಡೆ ಸ್ಥಳಾಂತರ ಆದ ಸೆಕ್ಟರ್. 197 ಅಂದರೆ ಓದಲು ಬರದೆ ತೀರ್ಮಾನವಾಗದೆ ಉಳಿದದ್ದು. 199 ಒಂದೇ ಏರಿದ್ದು ಉಳಿದದ್ದೆಲ್ಲ ಸೊನ್ನೆ ಇದ್ದರೆ ಡಿಸ್ಕ್ ಮೇಲೆ ಅನುಮಾನ ಬೇಡ, ಮೊದಲು ಕೇಬಲ್ ನೋಡಿ. ಕೇಬಲ್ ಸಡಿಲ ಇದ್ದದ್ದಕ್ಕೆ ಒಳ್ಳೇ ಡಿಸ್ಕನ್ನು ಗುಜರಿಗೆ ಹಾಕಿದವರನ್ನು ಸಾಕಷ್ಟು ನೋಡಿದ್ದೇನೆ.

ಹಾವೇರಿ_ಹುಡುಗ · ಶುಕ್ರವಾರ, ರಾತ್ರಿ 8:20

ಇಷ್ಟೆಲ್ಲ ಯಾಕೆ ಸರ್? ಹಳೇದು ಎಳೆದು ಹೊಸದು ಹಾಕಿದರೆ ತಾನೇ ರಿಬಿಲ್ಡ್ ಆಗುತ್ತೆ. ನಮ್ಮ ಆಫೀಸಿನಲ್ಲಿ ಹಾಗೇ ಮಾಡಿದ್ದು. ಕೆಂಪು ದೀಪ ಹತ್ತಿತ್ತು, ಎಳೆದೆವು, ಹೊಸದು ಹಾಕಿದೆವು, ಹಸಿರು ಆಯ್ತು. ಟೀ ಕುಡಿದು ಬರೋದರೊಳಗೆ ಕೆಲಸ ಮುಗಿದಿತ್ತು.

ಉಣಕಲ್_ಕೆರೆ · ಶುಕ್ರವಾರ, ರಾತ್ರಿ 8:35

ತಮ್ಮಾ, ನಿಮ್ಮ ಆಫೀಸಿನದು ರೇಡ್ ಕಾರ್ಡ್ ಇರುವ ಸರ್ವರ್. ಮುಂದೆ ಎಳೆಯುವ ಟ್ರೇ, ಟ್ರೇಗೊಂದು ದೀಪ. ಕಾರ್ಡಿಗೆ ಇಡೀ ಡಿಸ್ಕ್ ತನ್ನದೇ ಅಂತ ಗೊತ್ತು, ಅದಕ್ಕೇ ತಾನೇ ಶುರು ಮಾಡುತ್ತದೆ. ಹಸಿರು ಆಗಿದ್ದೂ ರಿಬಿಲ್ಡ್ ಮುಗಿದಿದ್ದಕ್ಕಲ್ಲ, ಡಿಸ್ಕ್ ಸಿಕ್ಕಿದ್ದಕ್ಕೆ ಇರಬೇಕು. ಟೀ ಕುಡಿಯುವಷ್ಟರಲ್ಲಿ 2 ಟಿಬಿ ಕಾಪಿ ಆಗಲ್ಲ. ಇವರದು ಎಂಡಿ ರೇಡ್. ಪಾರ್ಟಿಷನ್ ಮಾಡಿ, ಸೇರಿಸು ಅಂತ ನಾವು ಹೇಳಬೇಕು. ಹೇಳುವವರೆಗೆ ಹೊಸ ಡಿಸ್ಕ್ ಸುಮ್ನೆ ಕೂತಿರುತ್ತದೆ.

ದಿವಾನಜಿಯವರ ಭಯಕ್ಕೂ ಇದೇ ಉತ್ತರ. ಮಿರರ್‌ನಲ್ಲಿ ಇರುವ ಡಿಸ್ಕಿಗೆ ಒಂದು ಸೂಪರ್‌ಬ್ಲಾಕ್ ಇರುತ್ತದೆ. ಯಾವ ಅರೇ (ಜೊತೆಗೂಡಿದ ಡಿಸ್ಕುಗಳ ಗುಂಪು), ಎಷ್ಟನೇ ಬದಲಾವಣೆವರೆಗೆ ಬರೆದಿದೆ ಅನ್ನೋದೆಲ್ಲ ಅದರಲ್ಲಿರುತ್ತದೆ. ಖಾಲಿ ಡಿಸ್ಕಿಗೆ ಅದು ಇರಲ್ಲ. ಹಾಗಾಗಿ ಸೇರಿಸಿದಾಗ ಅದು ತುಂಬಿಸಿಕೊಳ್ಳುವ ಡಿಸ್ಕೇ ಆಗುತ್ತದೆ, ಉಲ್ಟಾ ಆಗಲ್ಲ. ಉಲ್ಟಾ ಆಗುವ ಜಾಗ ಬೇರೆ ಇದೆ, ಪಾರ್ಟಿಷನ್ ಟೇಬಲ್ (ಡಿಸ್ಕನ್ನು ಹೇಗೆ ಭಾಗ ಮಾಡಿದೆ ಅನ್ನೋ ಪಟ್ಟಿ) ಕಾಪಿ ಮಾಡುವಾಗ. ಅದಕ್ಕೆ ಆಮೇಲೆ ಬರೋಣ.

ಸಾಧನಕೇರಿ_ಲ್ಯಾಬ್ · ಶುಕ್ರವಾರ, ರಾತ್ರಿ 9:05

ನಾನು ಧಾರವಾಡದಲ್ಲಿ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಯಾವ ಡಿಸ್ಕ್ ಅನ್ನೋ ಪ್ರಶ್ನೆಗೆ ಹೇಳ್ತೀನಿ.

ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರನ್ನು ನಂಬಬೇಡಿ. ಬೂಟ್ ಆದಾಗ ಅದು ಅದಲು ಬದಲಾಗಬಹುದು. ಎಡಗಡೆಯದು ಮೊದಲನೇದು ಅಂತಲೂ ಅಂದುಕೊಳ್ಳಬೇಡಿ. ನಂಬಬೇಕಾದ್ದು ಸೀರಿಯಲ್ ನಂಬರ್ ಒಂದೇ. ಡೆವ್ ಒಳಗೆ ಡಿಸ್ಕ್, ಅದರೊಳಗೆ ಬೈ-ಐಡಿ ಅನ್ನೋ ಫೋಲ್ಡರ್ ಇದೆ. ಅಲ್ಲಿ ಕಂಪನಿ ಹೆಸರು, ಮಾಡೆಲ್, ಸೀರಿಯಲ್ ಮೂರೂ ಸೇರಿದ ಹೆಸರು ಕಾಣುತ್ತದೆ, ಅದು ಯಾವ ಎಸ್‌ಡಿಗೆ ಹೋಗುತ್ತದೆ ಅಂತಲೂ ಬರುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಂಡು, ಕ್ಯಾಬಿನೆಟ್ ತೆಗೆದ ಮೇಲೆ ಡಿಸ್ಕಿನ ಚೀಟಿಗೆ ಹೋಲಿಸಿ. ಸತ್ತ ಡಿಸ್ಕ್ ಪೂರ್ತಿ ಮಾಯವಾಗಿ ಅದರ ನಂಬರ್ ಕಾಣದಿದ್ದರೆ ಬದುಕಿರುವುದರ ನಂಬರ್ ಬರೆದುಕೊಳ್ಳಿ. ಅದನ್ನು ಮುಟ್ಟಬಾರದು, ಅಷ್ಟೇ.

ನನಗೆ ಗೊತ್ತಿರುವ ಒಂದು ಕಚೇರಿಯಲ್ಲಿ ಓಡುತ್ತಿದ್ದ ಮಷಿನ್‌ನಿಂದಲೇ ಒಳ್ಳೇ ಡಿಸ್ಕನ್ನು ಎಳೆದರು. ಎಳೆದದ್ದು ತಪ್ಪು ಅಂತ ಗೊತ್ತಾದ ಕೂಡಲೇ ವಾಪಸ್ ತುರುಕಿದರು. ಅಷ್ಟರಲ್ಲಿ ಅರೇ ಬಿದ್ದಿತ್ತು, ಫೈಲ್‌ಸಿಸ್ಟಮ್ ಅರ್ಧ ಬರೆದು ನಿಂತಿತ್ತು. ಮತ್ತೆ ಎಬ್ಬಿಸಲು ವಾರ ಹಿಡಿಯಿತು.

ಇನ್ನೊಂದು. ಈಗ ಬೂಟ್ ಆಗುತ್ತಿರುವುದು ಯಾವ ಡಿಸ್ಕಿನಿಂದ? ಬಹಳ ಕಡೆ ಬೂಟ್ ಮಾಡಿಸುವ ಗ್ರಬ್ ಇರೋದು ಒಂದೇ ಡಿಸ್ಕಿನಲ್ಲಿ. ಅದೇ ಸತ್ತಿದ್ದರೆ, ನೀವು ಆಫ್ ಮಾಡಿದ ಮೇಲೆ ಮಷಿನ್ ಏಳೋದೇ ಇಲ್ಲ. ಡೇಟಾ ಇರುತ್ತದೆ, ಆದರೆ ಸೋಮವಾರ ಬೆಳಿಗ್ಗೆ ಕಪ್ಪು ಪರದೆ ನೋಡುತ್ತಾ ಕೂರಬೇಕಾಗುತ್ತದೆ. ಆಫ್ ಮಾಡುವ ಮುಂಚೆಯೇ ಉಳಿದ ಡಿಸ್ಕಿಗೆ ಗ್ರಬ್ ಇನ್‌ಸ್ಟಾಲ್ ಮಾಡಿ. ಹೊಸ ಯುಇಎಫ್‌ಐ ಮಷಿನ್ ಆದರೆ ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್ ಸಾಮಾನ್ಯವಾಗಿ ಮಿರರ್ ಒಳಗೆ ಇರಲ್ಲ, ಅದನ್ನು ಬೇರೆ ಕಾಪಿ ಮಾಡಬೇಕು.

ಗದಗ_ಅಚ್ಚುಮೊಳೆ · ಶುಕ್ರವಾರ, ರಾತ್ರಿ 10:15

ನಮ್ಮದು ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್. ಡಿಸ್ಕ್ ಕೊಳ್ಳುವ ವಿಷಯ ಹೇಳ್ತೀನಿ, ಇದರಲ್ಲಿ ಪೆಟ್ಟು ತಿಂದವರು ಜಾಸ್ತಿ.

ಅಳತೆಗೆ ಹೆದರಬೇಡಿ. ಈಗಿನ 2 ಟಿಬಿ ಡಿಸ್ಕುಗಳಲ್ಲಿ ಯಾವ ಕಂಪನಿಯದಾದರೂ ಸಾಮಾನ್ಯವಾಗಿ 3,907,029,168 ಸೆಕ್ಟರ್ ಇರುತ್ತವೆ. ಒಂದು ಸೆಕ್ಟರ್ ಕಡಿಮೆ ಇದ್ದರೂ ಮಿರರ್ ಒಪ್ಪದೇ ಇರಬಹುದು. ಹಾಗಾಗಿ ಅಂಗಡಿಯಲ್ಲೇ ಒಮ್ಮೆ ಹಚ್ಚಿ ನೋಡಿಸಿ. ದೊಡ್ಡದು ತಂದರೂ ನಡೆಯುತ್ತದೆ, ಹೆಚ್ಚಿನ ಜಾಗ ಸುಮ್ನೆ ಉಳಿಯುತ್ತದೆ.

ನೋಡಬೇಕಾದ್ದು ಸಿಎಂಆರೋ ಎಸ್‌ಎಂಆರೋ ಅಂತ. ಡಿಸ್ಕ್ ಡೇಟಾ ಬರೆಯುವ ಎರಡು ರೀತಿ ಇವು. ಸಿಎಂಆರ್‌ನಲ್ಲಿ ಟ್ರ್ಯಾಕುಗಳು ಬಿಡಿ ಬಿಡಿ. ಎಸ್‌ಎಂಆರ್‌ನಲ್ಲಿ ಟ್ರ್ಯಾಕುಗಳು ಒಂದರ ಅಂಚಿನ ಮೇಲೊಂದು ಮಾಳಿಗೆ ಹೆಂಚಿನ ಹಾಗೆ ಕೂತಿರುತ್ತವೆ. ಒಂದು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಸಿನಿಮಾ ತುಂಬಿಡಲು ಸರಿ, ದಿನವಿಡೀ ಪಟ್ಟಿ ಬರೆಯುವ ಸರ್ವರಿಗೆ ಬೇಡ. 2020ರಲ್ಲಿ ಒಂದು ದೊಡ್ಡ ಕಂಪನಿ ನ್ಯಾಸ್‌ಗೆಂದೇ (ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗೆಂದೇ) ಮಾರಿದ ಡಿಸ್ಕುಗಳಲ್ಲೂ ಎಸ್‌ಎಂಆರ್ ಇದ್ದದ್ದು ಬಯಲಾಗಿ ದೊಡ್ಡ ಗಲಾಟೆ ಆಗಿತ್ತು. ಡಬ್ಬಿ ಮೇಲೆ ಬರೆದಿರಲ್ಲ. ಮಾಡೆಲ್ ನಂಬರ್ ಹಾಕಿ ಕಂಪನಿಯ ಪಟ್ಟಿಯಲ್ಲಿ ನೋಡಿಕೊಂಡೇ ದುಡ್ಡು ಕೊಡಿ. ಹುಬ್ಬಳ್ಳಿ ಕೊಪ್ಪಿಕರ್ ರೋಡಿನ ಕಡೆ ಹೋದರೆ ಹತ್ತು ಮಂದಿ ‘ಎಲ್ಲಾ ಒಂದೇ ಬಿಡ್ರೀ’ ಅಂತಾರೆ. ಒಂದೇ ಅಲ್ಲ.

ಪ್ಯಾಕ್ ಒಡೆದ ಕೂಡಲೇ ಸ್ಮಾರ್ಟ್ ವರದಿಯಲ್ಲಿ 9ನೇ ಸಾಲು ನೋಡಿ, ಎಷ್ಟು ಗಂಟೆ ಓಡಿದೆ ಅಂತ. ಹೊಸದಾದರೆ ಸೊನ್ನೆಯ ಆಸುಪಾಸು ಇರಬೇಕು.

ಬ್ಯಾಡಗಿ_ದಿವಾನಜಿ · ಶನಿವಾರ, ಬೆಳಿಗ್ಗೆ 7:20

ರಾತ್ರಿ ಕಾಪಿ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಒಂದು ಫೈಲ್ ಬಿಟ್ಟು ಎಲ್ಲಾ ಬಂದಿದೆ. ಓದಲಾಗದ್ದು ಹಳೇ ಹಂಗಾಮಿನ ಒಂದು ಸ್ಕ್ಯಾನ್ ಪ್ರತಿ. ಅದರ ಕಾಗದ ಕಪಾಟಿನಲ್ಲಿದೆ, ಮತ್ತೆ ಸ್ಕ್ಯಾನ್ ಮಾಡಬಹುದು.

ಸ್ಮಾರ್ಟ್ ವರದಿ ಹೀಗಿದೆ. ಸತ್ತದ್ದರಲ್ಲಿ 5ಕ್ಕೆ 1,976, 197ಕ್ಕೆ 312, 199 ಸೊನ್ನೆ. ಉಳಿದದ್ದರಲ್ಲಿ 5 ಸೊನ್ನೆ, 197ಕ್ಕೆ 8, 199 ಸೊನ್ನೆ. ಎರಡೂ ಓಡಿದ್ದು 41 ಸಾವಿರ ಗಂಟೆ ಮೇಲೆ. ಹೌದು, ಒಂದೇ ಬಿಲ್ಲಿನಲ್ಲಿ ಕೊಂಡದ್ದು. ಟೆಂಪರೇಚರ್ 53 ತೋರಿಸುತ್ತಿದೆ.

ಆ 8 ಏನು ಅಣ್ಣಾ? ಜಾಸ್ತಿ ಏನಲ್ಲ ಅಲ್ವಾ?

ಉಣಕಲ್_ಕೆರೆ · ಶನಿವಾರ, ಬೆಳಿಗ್ಗೆ 7:50

ಈ ಚರ್ಚೆಯಲ್ಲಿ ಈವರೆಗೆ ಬಂದ ಅಂಕಿಗಳಲ್ಲಿ ನನಗೆ ಮುಖ್ಯವಾದದ್ದು ಆ 8. ಅದರ ಮುಂದೆ 1,976 ಏನೂ ಅಲ್ಲ.

ಆ ಎಂಟು ಸೆಕ್ಟರನ್ನು ಡಿಸ್ಕ್ ಓದಲು ನೋಡಿದೆ, ಆಗಿಲ್ಲ. ಮಿರರ್ ಸರಿ ಇದ್ದಿದ್ದರೆ ಎಂಡಿ ಇನ್ನೊಂದು ಡಿಸ್ಕಿನಿಂದ ಅದೇ ಜಾಗವನ್ನು ಓದಿ ಇಲ್ಲಿ ಮತ್ತೆ ಬರೆದು ಸರಿ ಮಾಡುತ್ತಿತ್ತು. ಈಗ ಆ ಇನ್ನೊಂದು ಇಲ್ಲ. ನೀವು ನಿನ್ನೆಯೇ ಹೊಸ ಡಿಸ್ಕ್ ಹಾಕಿ ರಿಬಿಲ್ಡ್ ಹಚ್ಚಿದ್ದರೆ ಅದು ಅಲ್ಲಿಗೆ ಬಂದು ಎಡವುತ್ತಿತ್ತು.

ಪುಣ್ಯಕ್ಕೆ ಕಾಪಿ ಇದೆ, ಹಾಳಾದ ಫೈಲ್ ಯಾವುದಂತ ಗೊತ್ತಿದೆ. ಇನ್ನು ಮಾಡುವ ಕೆಲಸ ಸುಲಭ. ಓದಲು ಬರದ ಸೆಕ್ಟರಿನ ಮೇಲೆ ಹೊಸದಾಗಿ ಬರೆದರೆ ಡಿಸ್ಕ್ ತೀರ್ಮಾನ ಮಾಡಲೇಬೇಕು. ಬರೆಯಲು ಬಂದರೆ ಅಲ್ಲೇ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಮೀಸಲು ಜಾಗಕ್ಕೆ ಸರಿಸುತ್ತದೆ. ಅಂಗಡಿ ಮುಚ್ಚಿದ ಮೇಲೆ ಆ ಹಾಳು ಫೈಲ್ ಅಳಿಸಿ. ಆಮೇಲೆ ಖಾಲಿ ಜಾಗ ಪೂರ್ತಿ ತುಂಬುವಷ್ಟು ಸೊನ್ನೆಗಳ ಒಂದು ದೊಡ್ಡ ಫೈಲ್ ಬರೆಯಿರಿ, ಸಿಂಕ್ ಕೊಡಿ, ಅದನ್ನೂ ಅಳಿಸಿ. ಆಗ 197 ಇಳಿಯಬೇಕು. ಇಳಿಯದಿದ್ದರೆ ಸೆಕ್ಟರ್ ಫೈಲ್‌ಸಿಸ್ಟಮ್‌ನ ಒಳ ಲೆಕ್ಕದ ಜಾಗದಲ್ಲಿದೆ ಅಂತ. ಆಗ ರಿಬಿಲ್ಡ್ ಗೋಜಿಗೆ ಹೋಗದೆ ಹೊಸ ಡಿಸ್ಕಿನಲ್ಲಿ ಹೊಸದಾಗಿ ಅರೇ ಕಟ್ಟಿ ಡೇಟಾ ಕಾಪಿ ಮಾಡೋದೇ ಒಳ್ಳೇದು.

ಸತ್ತ ಡಿಸ್ಕನ್ನು ಎಸೆಯಬೇಡಿ. ಇದರಲ್ಲಿ ಓದಲು ಬರದ ಜಾಗ ಅದರಲ್ಲಿ ಬರಬಹುದು.

ಸಾಧನಕೇರಿ_ಲ್ಯಾಬ್ · ಶನಿವಾರ, ಬೆಳಿಗ್ಗೆ 8:30

ಉಣಕಲ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಲಿನಕ್ಸ್ ಒಂದು ಡಿಸ್ಕ್ ಉತ್ತರ ಕೊಡಲು ಕಾಯೋದು 30 ಸೆಕೆಂಡ್. ಸಾದಾ ಡೆಸ್ಕ್‌ಟಾಪ್ ಡಿಸ್ಕ್ ಕೆಟ್ಟ ಸೆಕ್ಟರ್ ಸಿಕ್ಕಾಗ ಅದಕ್ಕಿಂತ ಜಾಸ್ತಿ ಹೊತ್ತು ಒಳಗೊಳಗೇ ಪ್ರಯತ್ನಿಸುತ್ತದೆ. ಅಷ್ಟರಲ್ಲಿ ಕರ್ನಲ್ ‘ಇದು ಸತ್ತಿದೆ’ ಅಂತ ಲಿಂಕನ್ನೇ ರೀಸೆಟ್ ಮಾಡುತ್ತದೆ. ಗುರುವಾರ ನಿಮ್ಮ ಸಿಸ್ಟಮ್ ನಿಂತು ನಿಂತು ಹೋಗಿದ್ದು ಇದೇ ಇರಬಹುದು.

ಉಳಿದ ಡಿಸ್ಕ್ ಒಂದೇ ಇರುವಾಗ ಅದಕ್ಕೆ ಸಮಯ ಕೊಡಬೇಕು. ಸಿಸ್ ಫೋಲ್ಡರ್ ಒಳಗೆ ಆ ಡಿಸ್ಕಿನ ಟೈಮ್‌ಔಟ್ ಅನ್ನು 180 ಸೆಕೆಂಡ್ ಮಾಡಿ. ಮಿರರ್ ಎರಡೂ ಕಾಲಿನ ಮೇಲೆ ನಿಂತ ಮೇಲೆ ಬೇರೆ ಥರ. ಆಗ ಡಿಸ್ಕ್ ಬೇಗ ಕೈಚೆಲ್ಲಿದರೆ ಒಳ್ಳೇದು, ಇನ್ನೊಂದರಿಂದ ಓದಬಹುದು. ನ್ಯಾಸ್ ಡಿಸ್ಕುಗಳಲ್ಲಿ ಇದು ಸಾಮಾನ್ಯವಾಗಿ 7 ಸೆಕೆಂಡಿಗೆ ಇರುತ್ತದೆ. ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿ ಇಆರ್‌ಸಿ 70, 70 ಅಂತ ಕೊಡೋದು ಅದಕ್ಕೇ, ಅಲ್ಲಿಯ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ.

ರಾಣೆಬೆನ್ನೂರು_ಬೀಜ · ಶನಿವಾರ, ಬೆಳಿಗ್ಗೆ 11:00

ಎಲ್ಲಾ ಕ್ಲೌಡಿಗೆ ಹಾಕಿ ನೆಮ್ಮದಿಯಾಗಿ ಇರಬಾರದಾ? ಈ ಕಾಲದಲ್ಲೂ ಡಿಸ್ಕ್, ಸ್ಕ್ರೂಡ್ರೈವರ್...

ಗದಗ_ಅಚ್ಚುಮೊಳೆ · ಶನಿವಾರ, ಬೆಳಿಗ್ಗೆ 11:25

ಬ್ಯಾಡಗಿಯಲ್ಲಿ ಮಾರುಕಟ್ಟೆ ದಿನ ಮಧ್ಯಾಹ್ನ ನೆಟ್ ಹೇಗಿರುತ್ತೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ ಸರ್. ಬ್ಯಾಕಪ್ ಕ್ಲೌಡಿನಲ್ಲಿ ಇರಲಿ, ಅದಕ್ಕೆ ನನ್ನದೂ ಒಪ್ಪಿಗೆ. ಮಿರರ್ ಅದರ ಬದಲಿ ಅಲ್ಲವೇ ಅಲ್ಲ. ನಮ್ಮ ಪ್ರೆಸ್ಸಿನಲ್ಲಿ ಹುಡುಗನೊಬ್ಬ ಮದುವೆ ಪತ್ರಿಕೆಗಳ ಡಿಸೈನ್ ಫೋಲ್ಡರ್ ಪೂರ್ತಿ ಅಳಿಸಿದ. ಮಿರರ್ ತನ್ನ ಕೆಲಸ ಚಾಚೂ ತಪ್ಪದೆ ಮಾಡಿತು, ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಸಿತು. ಅವತ್ತು ನಮ್ಮನ್ನು ಉಳಿಸಿದ್ದು ಬೀರುವಿನಲ್ಲಿದ್ದ ಯುಎಸ್‌ಬಿ ಡಿಸ್ಕ್.

ಬ್ಯಾಡಗಿ_ದಿವಾನಜಿ · ಭಾನುವಾರ, ಬೆಳಿಗ್ಗೆ 10:40

ಹುಬ್ಬಳ್ಳಿಯಿಂದ ಸಿಎಂಆರ್ ನ್ಯಾಸ್ ಡಿಸ್ಕ್ ತಂದೆ. ಗಂಟೆ 0, ಸೆಕ್ಟರ್ ಲೆಕ್ಕ ತಾಳೆಯಾಗಿದೆ. ರಾತ್ರಿ ಸೊನ್ನೆ ತುಂಬಿಸಿ ಅಳಿಸಿದೆ. 197 ಈಗ 0, 5 ಮಾತ್ರ 3 ಆಗಿದೆ. ಉಳಿದ ಡಿಸ್ಕಿಗೆ ಗ್ರಬ್ ಹಾಕಿದೆ. ಸತ್ತದ್ದನ್ನು ಅರೇಯಿಂದ ರಿಮೂವ್ ಮಾಡಿ, ಮಷಿನ್ ಆಫ್ ಮಾಡಿ ಕ್ಯಾಬಿನೆಟ್ ತೆಗೆದೆ.

ಒಳಗೆ ಏನಿತ್ತು ಗೊತ್ತಾ? ಮುಂದಿನ ಫ್ಯಾನಿನ ರೆಕ್ಕೆ ಮೇಲೆ ಕೆಂಪು ಪುಡಿ ಕಂಬಳಿ ಹೊದಿಸಿದಂತೆ ಕೂತಿತ್ತು. ಬ್ರಷ್ ಮುಟ್ಟಿಸಿದ್ದೇ ತಡ, ಘಾಟು ಎದ್ದು ನಾನೂ ಹಮಾಲ ಹುಡುಗನೂ ಸೀನಿ ಸೀನಿ ಹೊರಗೆ ಓಡಿದೆವು. ಫ್ಯಾನ್ ತಿರುಗುತ್ತಿತ್ತು, ಆದರೆ ಜಾಲರಿ ಮುಚ್ಚಿ ಡಿಸ್ಕಿಗೆ ಗಾಳಿಯೇ ಹೋಗುತ್ತಿರಲಿಲ್ಲ. 53 ಡಿಗ್ರಿ ಯಾಕಂತ ಆಗ ಗೊತ್ತಾಯ್ತು.

ಸೀರಿಯಲ್ ಹೋಲಿಸಿದೆ. ಸಾಧನಕೇರಿ ಅಕ್ಕ ಹೇಳಿದ್ದು ಖರೆ, ಕೆಳಗಿನದು ಸತ್ತದ್ದು ಅಂತ ಅಂದುಕೊಂಡಿದ್ದೆ, ಮೇಲಿನದಾಗಿತ್ತು. ಹೊಸದು ಹಾಕಿ ಆನ್ ಮಾಡಿದೆ, ಎದ್ದಿದೆ. ಈಗ ಪಾರ್ಟಿಷನ್. ಟೇಬಲ್ ಜಿಪಿಟಿ ಮಾದರಿ ಅಂತ ತೋರಿಸುತ್ತಿದೆ. ಅಣ್ಣಾ, ಉಲ್ಟಾ ಆಗುವ ಜಾಗ ಅಂದಿರಲ್ಲ, ಹೇಳಿ.

ಉಣಕಲ್_ಕೆರೆ · ಭಾನುವಾರ, ಬೆಳಿಗ್ಗೆ 10:55

ಜಿಪಿಟಿಗೆ ಎಸ್‌ಜಿಡಿಸ್ಕ್ ಬಳಸುತ್ತೀರಿ. ಅದರಲ್ಲಿ ದೊಡ್ಡ ಆರ್ ಆಯ್ಕೆಗೆ ಕೂಡಲೇ ಅಂಟಿಕೊಂಡು ಬರಬೇಕಾದ್ದು ಹೊಸ ಡಿಸ್ಕ್, ಅಂದರೆ ಬರೆಸಿಕೊಳ್ಳುವುದು. ಕೊನೆಯಲ್ಲಿ ಬರೋದು ಹಳೇದು. ಮನುಷ್ಯ ಸಹಜವಾಗಿ ‘ಇಲ್ಲಿಂದ ಅಲ್ಲಿಗೆ’ ಅಂತ ಓದುತ್ತಾನೆ, ಇದು ಅದಕ್ಕೆ ವಿರುದ್ಧ. ಉಲ್ಟಾ ಕೊಟ್ಟರೆ ಒಳ್ಳೇ ಡಿಸ್ಕಿನ ಟೇಬಲ್ ಮೇಲೆ ಖಾಲಿ ಟೇಬಲ್ ಕೂರುತ್ತದೆ. ಎಂಟರ್ ಒತ್ತುವ ಮುಂಚೆ ಒಳ್ಳೇ ಡಿಸ್ಕಿನ ಟೇಬಲನ್ನು ಒಂದು ಫೈಲಿಗೆ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ. ಬೈ-ಐಡಿ ಹೆಸರನ್ನೇ ಪೂರ್ತಿ ಬರೆಯಿರಿ, ಎಸ್‌ಡಿಎ ಎಸ್‌ಡಿಬಿ ಬೇಡ. ಆಮೇಲೆ ದೊಡ್ಡ ಜಿ ಆಯ್ಕೆ ಕೊಟ್ಟು ಹೊಸ ಡಿಸ್ಕಿನ ಗುರುತುಗಳನ್ನು ಬೇರೆ ಮಾಡಿ, ಇಲ್ಲದಿದ್ದರೆ ಎರಡಕ್ಕೂ ಒಂದೇ ಐಡಿ ಆಗುತ್ತದೆ.

ಆಮೇಲೆ ಹೊಸ ಪಾರ್ಟಿಷನ್ನನ್ನು ಅರೇಗೆ ಆಡ್ ಮಾಡಿ. ರಿಬಿಲ್ಡ್ ತಾನೇ ಶುರು ಆಗುತ್ತದೆ. ಹೊಸದಕ್ಕೂ ಗ್ರಬ್ ಹಾಕೋದು ಮರೆಯಬೇಡಿ.

ಬ್ಯಾಡಗಿ_ದಿವಾನಜಿ · ಭಾನುವಾರ, ಬೆಳಿಗ್ಗೆ 11:30

ಆಡ್ ಆಯ್ತು. ಸೆಕೆಂಡಿಗೆ 140 ಎಂಬಿ ಹತ್ತಿರ ಓಡುತ್ತಿದೆ. ನಾಲ್ಕು ಗಂಟೆ ಅಂತ ತೋರಿಸುತ್ತಿದೆ. ಮಧ್ಯೆ ಕರೆಂಟ್ ಹೋದರೆ?

ಸಾಧನಕೇರಿ_ಲ್ಯಾಬ್ · ಭಾನುವಾರ, ಬೆಳಿಗ್ಗೆ 11:45

ಯುಪಿಎಸ್ ಮುಗಿಯುವ ಮುಂಚೆ ಸರಿಯಾಗಿ ಶಟ್‌ಡೌನ್ ಮಾಡಿದರೆ ಸಾಕು. ಎಷ್ಟರವರೆಗೆ ಬಂದಿದೆ ಅಂತ ಸೂಪರ್‌ಬ್ಲಾಕಿನಲ್ಲಿ ಬರೆದುಕೊಂಡಿರುತ್ತದೆ, ಅಲ್ಲಿಂದ ಮುಂದುವರಿಯುತ್ತದೆ. ನಾಲ್ಕು ಗಂಟೆ ಅನ್ನೋದನ್ನು ನಂಬಬೇಡಿ. ಡಿಸ್ಕಿನ ಹೊರ ಅಂಚಿನಲ್ಲಿ ವೇಗ ಜಾಸ್ತಿ, ಒಳಗೆ ಹೋದಂತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಐದು, ಐದೂವರೆ ಅಂತ ಇಟ್ಟುಕೊಳ್ಳಿ. ಯಾರಾದರೂ ಸರ್ವರ್ ಬಳಸಲು ಶುರು ಮಾಡಿದರೆ ಎಂಡಿ ದಾರಿ ಬಿಟ್ಟುಕೊಡುತ್ತದೆ, ಇನ್ನೂ ನಿಧಾನ ಆಗುತ್ತದೆ. ಕನಿಷ್ಠ ವೇಗ ಸೆಕೆಂಡಿಗೆ 1,000 ಕೆಬಿ ಅಂತ ಇರುತ್ತದೆ, ಅದನ್ನು ಏರಿಸಬಹುದು. ಇವತ್ತು ಭಾನುವಾರ, ಮುಟ್ಟೋದೇ ಬೇಡ.

ಹಾವೇರಿ_ಹುಡುಗ · ಭಾನುವಾರ, ಮಧ್ಯಾಹ್ನ 12:30

ಅಣ್ಣಾ, ಆಫೀಸಿನ ಕಾರ್ಡಿನ ಸಾಫ್ಟ್‌ವೇರ್ ತೆಗೆದು ನೋಡಿದೆ. ಅವತ್ತು ಹಸಿರು ಆದ ಮೇಲೂ ರಿಬಿಲ್ಡ್ ರಾತ್ರಿವರೆಗೆ ನಡೆದಿದೆ ಅಂತ ಲಾಗ್‌ನಲ್ಲಿದೆ. ನಾವು ಆ ಹೊತ್ತಿಗೆ ಸರ್ವರ್ ರೀಸ್ಟಾರ್ಟ್ ಬೇರೆ ಮಾಡಿದ್ದೆವು 😬

ಬ್ಯಾಡಗಿ_ದಿವಾನಜಿ · ಭಾನುವಾರ, ಸಂಜೆ 5:15

ಮುಗಿಯಿತು. ಎರಡು ಯು ಬಂದಿದೆ. ಟೆಂಪರೇಚರ್ 39. ಮಾಲಕರಿಗೆ ಹೇಳಿ ಸರ್ವರನ್ನು ಮೇಲಿನ ಕೋಣೆಗೆ ಸಾಗಿಸಿದೆ. ಅಲ್ಲಿ ಚೀಲ ಇಡಲ್ಲ.

ಎರಡು ಪ್ರಶ್ನೆ. ಡಿಸ್ಕ್ ಹೋಗಿದ್ದು ನನಗೆ ಯಾಕೆ ಗೊತ್ತಾಗಲಿಲ್ಲ? ಉಳಿದ ಹಳೇ ಡಿಸ್ಕನ್ನು ಇನ್ನೆಷ್ಟು ದಿನ ನಂಬಬಹುದು?

ಉಣಕಲ್_ಕೆರೆ · ಭಾನುವಾರ, ಸಂಜೆ 6:00

ಮೊದಲನೇದಕ್ಕೆ: ಅದು ಮೇಲ್ ಕಳಿಸಿದೆ, ಅದೇ ಮಷಿನ್‌ನ ರೂಟ್ ಅಕೌಂಟಿಗೆ. ಅದನ್ನು ಯಾರೂ ತೆಗೆದು ನೋಡಲ್ಲ. ಎಂಡಿಯ ಕಾನ್ಫಿಗ್ ಫೈಲಿನಲ್ಲಿ ನೀವು ದಿನಾ ನೋಡುವ ವಿಳಾಸ ಹಾಕಿ. ಮೇಲ್ ಹೊರಗೆ ಹೋಗುವ ವ್ಯವಸ್ಥೆ ಇದೆಯಾ ಅಂತಲೂ ನೋಡಿ. ಮಾನಿಟರ್‌ಗೆ ಟೆಸ್ಟ್ ಆಯ್ಕೆ ಇದೆ, ಈಗಲೇ ಒಂದು ಸುಳ್ಳು ಎಚ್ಚರಿಕೆ ಕಳಿಸಿ ಫೋನಿಗೆ ಬರುತ್ತದಾ ಪರೀಕ್ಷಿಸಿ. ಡೆಬಿಯನ್ ತಿಂಗಳ ಮೊದಲ ಭಾನುವಾರ ಮಿರರ್ ಪೂರ್ತಿ ಓದಿ ತಾಳೆ ನೋಡುತ್ತದೆ. ಆ ಹೊತ್ತಿಗೆ ಮಷಿನ್ ಆಫ್ ಇರುತ್ತಿದ್ದರೆ ಆ ಓದು ತಪ್ಪಿಹೋಗಿರುತ್ತದೆ. ಆ 8 ಹಾಗೇ ಉಳಿದದ್ದಕ್ಕೆ ಅದೂ ಕಾರಣ ಇರಬಹುದು. ಅದು ಶುರು ಆಗೋದು ಶನಿವಾರ ಮಧ್ಯರಾತ್ರಿ ದಾಟಿದ ಮೇಲೆ, ಹಾಗಾಗಿ ಶನಿವಾರ ರಾತ್ರಿ ಆನ್ ಇಡಿ.

ಎರಡನೇದಕ್ಕೆ: ನಂಬಬೇಡಿ. ಸೀಜನ್ ಮುಗಿಯುವವರೆಗೂ ಕಾಯಬೇಡಿ. ಇನ್ನೊಂದು ಡಿಸ್ಕ್ ತನ್ನಿ, ಬೇರೆ ಅಂಗಡಿಯಿಂದ ಅಥವಾ ಬೇರೆ ಕಂಪನಿಯದು. ಆದರೆ ಈ ಸಲ ಹಳೇದನ್ನು ಮೊದಲು ತೆಗೆಯಬೇಡಿ. ಮೂರನೇ ಪೋರ್ಟಿಗೆ ಹೊಸದು ಹಚ್ಚಿ, ಪಾರ್ಟಿಷನ್ ಮಾಡಿ, ಆಡ್ ಮಾಡಿ, ಆಮೇಲೆ ರಿಪ್ಲೇಸ್ ಅಂತ ಆಜ್ಞೆ ಕೊಡಿ. ಹೊಸದು ಪೂರ್ತಿ ತುಂಬಿದ ಮೇಲೆಯೇ ಎಂಡಿ ಹಳೇದನ್ನು ಹೊರಗೆ ಹಾಕುತ್ತದೆ. ಒಂದು ಕ್ಷಣವೂ ಒಂದೇ ಡಿಸ್ಕಿನ ಮೇಲೆ ನಿಲ್ಲಬೇಕಾಗಿಲ್ಲ.

ಬ್ಯಾಡಗಿ_ದಿವಾನಜಿ · ಭಾನುವಾರ, ಸಂಜೆ 6:20

ಟೆಸ್ಟ್ ಮೇಲ್ ಫೋನಿಗೆ ಬಂತು. ಮೂರನೇ ಸಾಟಾ ಪೋರ್ಟ್ ಇದೆ, ಆದರೆ ಎಸ್‌ಎಂಪಿಎಸ್‌ನಿಂದ ಪವರ್ ಕೇಬಲ್ ಎರಡೇ ಬಂದಿದೆ. ಹಳೇ ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಸಾಟಾಗೆ ಮಾಡುವ ಕೇಬಲ್ ಸಿಗುತ್ತದಲ್ವಾ, ಅದು ನಡೆಯುತ್ತದಾ?

ಗದಗ_ಅಚ್ಚುಮೊಳೆ · ಭಾನುವಾರ, ಸಂಜೆ 6:35

ನಡೆಯುತ್ತದೆ, ನೋಡಿ ತಗೊಳ್ಳಿ. ಸಾಟಾ ತುದಿಯಲ್ಲಿ ವೈರುಗಳನ್ನು ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕಿ ಮುಚ್ಚಿರುವ ಅಗ್ಗದ್ದು ಬೇಡ. ಒಳಗೆ ವೈರು ಒಂದಕ್ಕೊಂದು ತಾಗಿ ಸುಟ್ಟ ಉದಾಹರಣೆ ಬಹಳ ಇವೆ, ಡಿಸ್ಕ್ ಜೊತೆ ಕ್ಯಾಬಿನೆಟ್ಟೂ ಕರಕಲು. ಹಿಂದೆ ಮುಚ್ಚಳ ಇದ್ದು ಒಂದೊಂದು ವೈರೂ ಬೇರೆ ಬೇರೆ ಕಚ್ಚಿಕೊಂಡಿರುವುದು ಕಾಣುವಂಥದ್ದು ಕೇಳಿ. ಅಂಗಡಿಯವನು ತೋರಿಸದಿದ್ದರೆ ಪಕ್ಕದ ಅಂಗಡಿಗೆ ಹೋಗಿ.